ಹಳೇ ಓಮ್ನಿಗೆ ಕಾಯಿಲ್, ಪಾಯಿಂಟ್, ಪ್ಲಗ್: ಕೌಂಟರ್ ಮೇಲೇ ಅಳೆದು ಕೊಳ್ಳಿ

ಪ್ರಶ್ನೆ: ನಮ್ಮದು ಕಾರ್ಬ್ಯುರೇಟರ್ ಕಾಲದ ಮಾರುತಿ ಓಮ್ನಿ. ಡಿಸ್ಟ್ರಿಬ್ಯೂಟರ್‌ನಲ್ಲಿ ಪಾಯಿಂಟ್ ಇದೆ, ಎಲ್‌ಪಿಜಿ ಕಿಟ್ ಕೂಡ ಇದೆ. ದಾವಣಗೆರೆಯಿಂದ ಮಲೇಬೆನ್ನೂರು ಕಡೆಯ ಗದ್ದೆಗೆ ವಾರಕ್ಕೆ ಮೂರು ಸಲವಾದರೂ ಓಡಾಟ. ಕಳೆದ ವರ್ಷ ಕಾಯಿಲ್ ಹೋಯಿತು. ಅಂಗಡಿಯವರು ‘ಹೆವಿ ಡ್ಯೂಟಿ’ ಎಂದು ಕೊಟ್ಟ ಕಾಯಿಲ್ ಹಾಕಿಸಿದ ಮೇಲೆ ಎರಡು ತಿಂಗಳಿಗೊಮ್ಮೆ ಪಾಯಿಂಟ್ ಸುಟ್ಟು ಕಪ್ಪಾಗುತ್ತಿದೆ. ಲೋಡ್ ಇದ್ದಾಗ ಗ್ಯಾಸ್‌ನಲ್ಲಿ ಮಿಸ್ ಹೊಡೆಯುತ್ತದೆ, ಪೆಟ್ರೋಲ್‌ನಲ್ಲಿ ಅಷ್ಟಿಲ್ಲ. ಇಬ್ಬನಿ ಬಿದ್ದ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಮೆಕ್ಯಾನಿಕ್ ಪೂರ್ತಿ ಸೆಟ್ ಬದಲಿಸಿ ಅನ್ನುತ್ತಾರೆ. ಪಿ.ಬಿ. ರಸ್ತೆಯಲ್ಲಿ ಕೇಳಿದರೆ ಒಂದೇ ಭಾಗಕ್ಕೆ ಮೂರು ಮೇಕ್, ಮೂರು ದರ. ಯಾವುದನ್ನು ತೆಗೆದುಕೊಳ್ಳಲಿ? ಎಲೆಕ್ಟ್ರಾನಿಕ್ ಕಿಟ್ ಹಾಕಿಸಿಬಿಡಲೇ?

ಉತ್ತರ: ನೀವು ಹೇಳಿರುವುದರಲ್ಲಿ ಎರಡು ಬೇರೆ ಬೇರೆ ರೋಗಗಳಿವೆ. ಪಾಯಿಂಟ್ (ಕಾಯಿಲ್‌ಗೆ ಹೋಗುವ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್) ಸುಡುವುದು 12 ವೋಲ್ಟ್ ಕಡೆಯದು. ಇಬ್ಬನಿಗೆ ಹಠ ಮಾಡುವುದು, ಗ್ಯಾಸ್‌ನಲ್ಲಿ ಮಿಸ್ ಹೊಡೆಯುವುದು ಹೈಟೆನ್ಷನ್ ಕಡೆಯದು, ಅಂದರೆ ಕಾಯಿಲ್ ಏರಿಸಿದ ವೋಲ್ಟೇಜ್ ಪ್ಲಗ್‌ವರೆಗೆ ಹೋಗುವ ದಾರಿಯದು. ಪೂರ್ತಿ ಸೆಟ್ ಒಂದೇ ದಿನ ಬದಲಿಸಿದರೆ ಎರಡೂ ಹೋಗಬಹುದು, ಆದರೆ ಯಾವುದರಿಂದ ಹೋಯಿತು ಎಂದು ಗೊತ್ತಾಗುವುದಿಲ್ಲ. ಹೋಗದಿದ್ದರೆ ಇನ್ನೂ ಕಷ್ಟ: ಹಳೆಯ ದೋಷ ಉಳಿದಿದೆಯೋ, ಡಬ್ಬಿಯಿಂದ ಬಂದ ಹೊಸ ಭಾಗವೇ ಕೆಟ್ಟದ್ದೋ ಎಂದು ಹುಡುಕುತ್ತಾ ಕೂರಬೇಕು. ಪಾಯಿಂಟ್ ಗಾಡಿಗಳಿಗೆ ಈಗ ಸಿಗುವ ಮಾಲಿನಲ್ಲಿ ಇದು ಅಪರೂಪವೇನಲ್ಲ. ಹಾಗಾಗಿ ಮೇಕ್‌ಗಿಂತ ಮೊದಲು ಮೀಟರ್. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ (ಕೆಪಾಸಿಟೆನ್ಸ್ ಅಳೆಯುವಂಥದ್ದಾದರೆ ಒಳ್ಳೆಯದು), ಒಂದು ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿಗಳು), ಒಂದು ಸ್ಟೀಲ್ ಸ್ಕೇಲ್ ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ.

ಮೊದಲ ಸಂಶಯ ಆ ಹೆವಿ ಡ್ಯೂಟಿ ಕಾಯಿಲ್ ಮೇಲೆ. ಹೊರಗಿನಿಂದ ಎಲ್ಲ ಡಬ್ಬಿ ಕಾಯಿಲ್‌ಗಳೂ ಒಂದೇ ತರಹ ಕಾಣುತ್ತವೆ. ಒಳಗೆ ಮೂರು ಜಾತಿ. ಪಾಯಿಂಟ್‌ಗೆ ನೇರವಾಗಿ 12 ವೋಲ್ಟ್‌ನಲ್ಲಿ ಓಡುವ ಕಾಯಿಲ್‌ನ ಪ್ರೈಮರಿ (12 ವೋಲ್ಟ್ ಕಡೆಯ ಸುರುಳಿ) ಸುಮಾರು 3 ಓಂ. ಬ್ಯಾಲಾಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ತುಂಡು) ಜೊತೆ ಓಡುವ ಕಾಯಿಲ್ ಸುಮಾರು 1.5 ಓಂ. ಎಲೆಕ್ಟ್ರಾನಿಕ್ ಇಗ್ನಿಷನ್‌ಗೆಂದೇ ಮಾಡಿದ್ದು 1 ಓಂ ಆಸುಪಾಸು, ಇನ್ನೂ ಕಡಿಮೆಯೂ ಇರುತ್ತದೆ. ಲೆಕ್ಕ ಹಾಕಿ ನೋಡಿ: ಗಾಡಿ ಓಡುವಾಗ ಸುಮಾರು 14 ವೋಲ್ಟ್ ಇರುತ್ತದೆ. 3 ಓಂಗೆ 4.7 ಆಂಪಿಯರ್ ಹರಿಯುತ್ತದೆ, ಪಾಯಿಂಟ್ ಅದನ್ನು ತಡೆದುಕೊಳ್ಳುತ್ತದೆ. ಬ್ಯಾಲಾಸ್ಟ್ ಇಲ್ಲದೆ 1.5 ಓಂ ಕಾಯಿಲ್ ಹಾಕಿದರೆ 9 ಆಂಪಿಯರ್ ದಾಟುತ್ತದೆ. ಎಷ್ಟೇ ಒಳ್ಳೆಯ ಮೇಕ್‌ನ ಪಾಯಿಂಟ್ ತಂದರೂ ಎರಡು ತಿಂಗಳಲ್ಲಿ ಸುಟ್ಟು ಹೋಗುವುದು ಹೀಗೆ. ‘ಹೆವಿ ಡ್ಯೂಟಿ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ, ಓಂಗೆ ಇದೆ.

ಕಾಯಿಲ್‌ನ ಎರಡು ಸಣ್ಣ ವೈರ್ ಬಿಚ್ಚಿ, ಎರಡು ಟರ್ಮಿನಲ್ ನಡುವೆ ಅಳೆಯಿರಿ. ಅಳೆಯುವ ಮುನ್ನ ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಏನು ತೋರಿಸುತ್ತದೋ ಅದನ್ನು ಕಳೆಯಿರಿ. ಅಗ್ಗದ ಮೀಟರ್‌ಗಳು 0.3 ಓಂ, ಕೆಲವೊಮ್ಮೆ ಅರ್ಧ ಓಂ ಸುಳ್ಳು ಹೇಳುತ್ತವೆ. 1.5 ಓಂ ಅಳೆಯುವಾಗ ಅದು ಸಣ್ಣ ಸುಳ್ಳಲ್ಲ.

ಇನ್ನು ನಿಮ್ಮ ಗಾಡಿಯ ವೈರಿಂಗ್‌ನಲ್ಲಿ ಬ್ಯಾಲಾಸ್ಟ್ ಇದೆಯೇ? ಕೆಲವಕ್ಕೆ ಕಾಯಿಲ್ ಪಕ್ಕದಲ್ಲೇ ಬಿಳಿ ಪಿಂಗಾಣಿ ತುಂಡಿನಂತೆ ಕೂತಿರುತ್ತದೆ. ಕೆಲವು ಕಡೆ ಹಿಂದಿನ ಯಾರೋ ಎಲೆಕ್ಟ್ರಿಷಿಯನ್ ಅದನ್ನು ಕಿತ್ತು ನೇರ ವೈರ್ ಎಳೆದಿರುತ್ತಾರೆ. ಕಣ್ಣಿಗಿಂತ ಮೀಟರ್ ನಂಬಿ. ವೈರ್‌ಗಳನ್ನು ಮತ್ತೆ ಜೋಡಿಸಿ, ಪಾಯಿಂಟ್ ಮುಚ್ಚಿರುವಂತೆ ಎಂಜಿನ್ ತಿರುಗಿಸಿ ನಿಲ್ಲಿಸಿ, ಕೀ ಆನ್ ಮಾಡಿ ಕಾಯಿಲ್‌ನ ಪ್ಲಸ್ ಟರ್ಮಿನಲ್‌ಗೂ ಬ್ಯಾಟರಿ ಮೈನಸ್‌ಗೂ ನಡುವೆ ಅಳೆಯಿರಿ. ಹೆಚ್ಚುಕಡಿಮೆ ಬ್ಯಾಟರಿ ವೋಲ್ಟೇಜೇ ಬಂದರೆ ಬ್ಯಾಲಾಸ್ಟ್ ಇಲ್ಲ, 3 ಓಂ ಕಾಯಿಲ್ಲೇ ಬೇಕು. 6ರಿಂದ 9 ವೋಲ್ಟ್ ಬಂದರೆ ಬ್ಯಾಲಾಸ್ಟ್ ಇದೆ, 1.5 ಓಂ ಸರಿ. ಅರ್ಧ ನಿಮಿಷದಲ್ಲಿ ಮುಗಿಸಿ ಕೀ ಆಫ್ ಮಾಡಿ. ಎಂಜಿನ್ ನಿಂತು ಕೀ ಆನ್ ಇದ್ದು ಪಾಯಿಂಟ್ ಮುಚ್ಚಿಕೊಂಡಿದ್ದರೆ ಕಾಯಿಲ್ ಬೇಯುತ್ತದೆ. ನಿಂತ ಗಾಡಿಯಲ್ಲಿ ಕೀ ಆನ್ ಮಾಡಿ ಹಾಡು ಕೇಳಿ ಕಾಯಿಲ್ ಕಳೆದುಕೊಂಡವರು ಕಡಿಮೆಯಿಲ್ಲ.

ಹೊಸ ಕಾಯಿಲ್ ಕೊಳ್ಳುವಾಗ ಪ್ರೈಮರಿ ಅಳತೆಯ ಜೊತೆಗೆ ಮೈನಸ್ ಟರ್ಮಿನಲ್‌ನಿಂದ ನಡುವಿನ ದಪ್ಪ ತೂತಿಗೆ ಸೆಕೆಂಡರಿಯನ್ನೂ, ಅಂದರೆ ಹೈಟೆನ್ಷನ್ ಕಡೆಯ ಸುರುಳಿಯನ್ನೂ ನೋಡಿ. ಸಾಮಾನ್ಯವಾಗಿ 7ರಿಂದ 15 ಕಿಲೋ ಓಂ ಒಳಗೆ ಇರುತ್ತದೆ. ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ. ಎಣ್ಣೆ ತುಂಬಿದ ಡಬ್ಬಿಯಾದರೆ ಮುಚ್ಚಳದ ಅಂಚಿನಲ್ಲಿ ಜಿಡ್ಡು ಇರಬಾರದು. ಜೋಡಿಸುವಾಗ ಪ್ಲಸ್ ಕೀ ಕಡೆಗೆ, ಮೈನಸ್ ಡಿಸ್ಟ್ರಿಬ್ಯೂಟರ್ ಕಡೆಗೆ. ತಿರುಗಾಮುರುಗಾ ಹಾಕಿದರೂ ಗಾಡಿ ಓಡುತ್ತದೆ, ಅದೇ ತೊಂದರೆ. ಪ್ಲಗ್‌ನ ನಡುಕಡ್ಡಿಯಿಂದ ಕಿಡಿ ಹೊರಡುವ ದಿಕ್ಕು ಉಲ್ಟಾ ಆಗಿ ಕಾಲುಭಾಗದಷ್ಟು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಪೆಟ್ರೋಲ್‌ನಲ್ಲಿ ಗೊತ್ತಾಗದ ಈ ತಪ್ಪು ಗ್ಯಾಸ್‌ನಲ್ಲಿ ಮಿಸ್ ಆಗಿ ಹೊರಬರುತ್ತದೆ. ಕಳೆದ ವರ್ಷ ಕಾಯಿಲ್ ಬದಲಿಸಿದಾಗ ಹೀಗಾಗಿದೆಯೇ ಎಂದು ಒಮ್ಮೆ ನೋಡಿಬಿಡಿ, ದುಡ್ಡು ಖರ್ಚಿಲ್ಲ.

ಪಾಯಿಂಟ್ ಸುಡುವುದಕ್ಕೆ ಎರಡನೇ ಕಾರಣ ಕಂಡೆನ್ಸರ್. ಇದರ ಅಳತೆ 0.20ರಿಂದ 0.25 ಮೈಕ್ರೋಫ್ಯಾರಡ್. ಪಾಯಿಂಟ್ ತೆರೆಯುವ ಕ್ಷಣದಲ್ಲಿ ಅಲ್ಲಿ ಹಾರಬೇಕಾದ ಕಿಡಿಯನ್ನು ಇದು ನುಂಗುತ್ತದೆ. ನುಂಗದಿದ್ದರೆ ಪಾಯಿಂಟ್‌ನಲ್ಲಿ ನೀಲಿ ಕಿಡಿ ಜೋರಾಗಿ, ಪ್ಲಗ್‌ನಲ್ಲಿ ಹಳದಿ ಕಿಡಿ ಬಡಕಲಾಗಿ ಕಾಣುತ್ತದೆ. ಒಂದು ಪಾಯಿಂಟ್‌ನಲ್ಲಿ ಗುಳಿ, ಎದುರಿನದರಲ್ಲಿ ಅದೇ ಅಳತೆಯ ಗುಡ್ಡ ಬೆಳೆದಿದ್ದರೆ ಕಂಡೆನ್ಸರ್ ಅಳತೆ ಹೊಂದಿಲ್ಲ ಎಂದರ್ಥ. ಎರಡೂ ಮುಖ ಸಮನಾಗಿ ನೀಲಿ-ಕಪ್ಪಾಗಿ ಸುಟ್ಟಿದ್ದರೆ ಕರೆಂಟ್ ಜಾಸ್ತಿ, ಅಂದರೆ ಕಾಯಿಲ್. ನಿಮ್ಮ ಹಳೆಯ ಪಾಯಿಂಟ್‌ಗಳನ್ನು ಎಸೆದಿಲ್ಲದಿದ್ದರೆ ಭೂತಗನ್ನಡಿಯಲ್ಲಿ ನೋಡಿ. ಮುಖದ ಮೇಲೆ ಜಿಡ್ಡು ಸುಟ್ಟ ಮಸಿ ಇದ್ದರೆ ಕ್ಯಾಮ್‌ಗೆ (ತಿರುಗುತ್ತಾ ಪಾಯಿಂಟ್ ತೆರೆಸುವ ಉಬ್ಬು) ಗ್ರೀಸ್ ಹೆಚ್ಚಾಗಿದೆ. ಬೆಂಕಿಕಡ್ಡಿಯ ತಲೆಯಷ್ಟು ಗ್ರೀಸ್ ಸಾಕು.

‘ಓಲ್ಡ್ ಸ್ಟಾಕ್, ಆಗಿನ ಕಂಪನಿ ಮಾಲು’ ಎಂದು ಧೂಳು ಹಿಡಿದ ಡಬ್ಬಿ ತೋರಿಸಿದರೆ ಎಲ್ಲದಕ್ಕೂ ಹಿಗ್ಗಬೇಡಿ. ಹಳೆಯ ಸ್ಟಾಕಿನ ಪಾಯಿಂಟ್, ರೋಟರ್ (ತಿರುಗುತ್ತಾ ಒಂದೊಂದು ಪ್ಲಗ್‌ಗೆ ಕಿಡಿ ಹಂಚುವ ತುಂಡು), ಕ್ಯಾಪ್ (ಡಿಸ್ಟ್ರಿಬ್ಯೂಟರ್‌ನ ಮುಚ್ಚಳ) ಸಿಕ್ಕರೆ ಕಣ್ಣು ಮುಚ್ಚಿ ಅಲ್ಲದಿದ್ದರೂ ಒಂದೂವರೆ ಕಣ್ಣು ತೆರೆದು ತೆಗೆದುಕೊಳ್ಳಬಹುದು. ಟಂಗ್‌ಸ್ಟನ್, ಹಿತ್ತಾಳೆ, ಬೇಕಲೈಟ್ ಡಬ್ಬಿಯಲ್ಲಿ ಮುದಿಯಾಗುವುದಿಲ್ಲ. ಆದರೆ ಕಂಡೆನ್ಸರ್ ಕೂತಲ್ಲೇ ಮುದಿಯಾಗುತ್ತದೆ: ಒಳಗಿನ ಕಾಗದಕ್ಕೆ ತೇವ ಸೇರುತ್ತದೆ, ಕರೆಂಟ್ ಸೋರುತ್ತದೆ. ರಬ್ಬರ್ ಹೊದಿಕೆಯ ಪ್ಲಗ್ ವೈರ್, ವ್ಯಾಕ್ಯೂಮ್ ಡಯಾಫ್ರಮ್ (ಎಂಜಿನ್ ಹೀರುವ ಬಲದಿಂದ ಕಿಡಿಯ ಹೊತ್ತನ್ನು ಸರಿಸುವ ಪೊರೆ) ಕೂಡ ಹಾಗೇ. ಈ ಮೂರನ್ನು ಹಳೆಯ ಸ್ಟಾಕಿನಲ್ಲಿ ಕೊಳ್ಳಬೇಡಿ. ಹೊಸ ಕಂಡೆನ್ಸರ್ ಕೊಳ್ಳುವಾಗ ಮೀಟರಿನಲ್ಲಿ ಅಳೆದು, ವೈರ್ ಹೊರಬರುವ ಜಾಗವನ್ನು ಮೆಲ್ಲಗೆ ಅಲುಗಿಸುತ್ತಾ ಅಂಕಿ ಬದಲಾಗುತ್ತದೆಯೇ ನೋಡಿ. ಬದಲಾದರೆ ಬೇಡ.

ಡೂಪ್ಲಿಕೇಟ್ ಗುರುತಿಸಲು ಡಬ್ಬಿ ಓದುವುದನ್ನು ಕಲಿಯಿರಿ. ತಯಾರಕರ ಪೂರ್ತಿ ವಿಳಾಸ, ಎಂಆರ್‌ಪಿ, ತಯಾರಾದ ಅಥವಾ ಪ್ಯಾಕ್ ಆದ ತಿಂಗಳು-ವರ್ಷ ಇರಲೇಬೇಕು. ಪ್ಲಗ್ ಎಂದರೆ ನಮ್ಮ ಕಡೆ ಇವತ್ತಿಗೂ ‘ಮೈಕೋ’ ಎಂದೇ ಕೇಳುವವರಿದ್ದಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಆ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಹಳೆಯ ಕಂಪನಿ ಹೆಸರು ಅಚ್ಚಾಗಿರುವ ಡಬ್ಬಿಯ ಮೇಲೆ ಮೊನ್ನೆ ಮೊನ್ನೆಯ ಪ್ಯಾಕಿಂಗ್ ದಿನಾಂಕ ಕಂಡರೆ ಅಲ್ಲೇ ಕೆಳಗಿಡಿ. ಬಿಲ್ ಕೇಳಿ. ಬಿಲ್ ಕೊಡಲು ಹಿಂದೆಮುಂದೆ ನೋಡುವ ಮಾಲು ವಾಪಸ್ಸೂ ಆಗುವುದಿಲ್ಲ.

ಪಾಯಿಂಟ್ ಆರಿಸುವಾಗ ಎರಡು ಬಿಲ್ಲೆಗಳು ಎದುರುಬದುರಾಗಿ ಪೂರ್ತಿ ಮುಖ ಕೊಟ್ಟು ಕೂರುತ್ತವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಅಗ್ಗದ ಮಾಲಿನಲ್ಲಿ ಒಂದು ಬಿಲ್ಲೆ ಪಕ್ಕಕ್ಕೆ ಸರಿದಿರುತ್ತದೆ ಅಥವಾ ಅಂಚಿನಲ್ಲಷ್ಟೇ ತಾಗುತ್ತದೆ. ಕ್ಯಾಮ್‌ಗೆ ಉಜ್ಜುವ ದಿಮ್ಮಿ ಅಲುಗಾಡಬಾರದು. ಮೃದುವಾದ ಪ್ಲಾಸ್ಟಿಕ್ ದಿಮ್ಮಿ ಬೇಗ ಸವೆಯುತ್ತದೆ. ಸವೆದಂತೆ ಗ್ಯಾಪ್ ಕಡಿಮೆಯಾಗಿ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದೆ ಸರಿದು ಪಿಕಪ್ ಕುಗ್ಗುತ್ತದೆ, ಎಂಜಿನ್ ಬಿಸಿಯಾಗುತ್ತದೆ.

ಹಾಕುವಾಗ ಹೊಸ ಪಾಯಿಂಟ್‌ನ ಮುಖವನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಿಳಿ ಕಾಗದದ ಚೂರನ್ನು ನಡುವೆ ಇಟ್ಟು ಎಳೆಯಿರಿ. ತುಕ್ಕು ಹಿಡಿಯದಿರಲಿ ಎಂದು ಹಚ್ಚಿರುವ ಎಣ್ಣೆಯ ಪದರ ಉಳಿದರೆ ಹೊಸ ಪಾಯಿಂಟ್ ಹಾಕಿದ ಗಾಡಿ ಸ್ಟಾರ್ಟೇ ಆಗದು. ಕ್ಯಾಮ್‌ನ ತುದಿ ದಿಮ್ಮಿಯನ್ನು ಪೂರ್ತಿ ಎತ್ತಿದ ಸ್ಥಿತಿಯಲ್ಲಿ ಗ್ಯಾಪ್ 0.4ರಿಂದ 0.5 ಮಿ.ಮೀ. ಇರಲಿ, 0.45ಕ್ಕೆ ಕೂರಿಸಿ. ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಉಲ್ಟಾ ಮಾಡಿದರೆ ಟೈಮಿಂಗ್ ಮತ್ತೆ ತಪ್ಪುತ್ತದೆ. ಮುಗಿದ ಮೇಲೆ ಪಾಯಿಂಟ್ ಮುಚ್ಚಿ, ಕೀ ಆನ್ ಮಾಡಿ ಕಾಯಿಲ್ ಮೈನಸ್‌ಗೂ ಬ್ಯಾಟರಿ ಮೈನಸ್‌ಗೂ ನಡುವೆ ವೋಲ್ಟೇಜ್ ಅಳೆಯಿರಿ. 0.2 ವೋಲ್ಟ್ ಮೀರಬಾರದು. ಮೀರಿದರೆ ಪಾಯಿಂಟ್ ಮುಖ ಕೊಳಕಿದೆ ಅಥವಾ ಡಿಸ್ಟ್ರಿಬ್ಯೂಟರ್ ಒಳಗಿನ ಪ್ಲೇಟ್‌ನ ಸಣ್ಣ ಅರ್ತ್ ವೈರ್ ಹೊದಿಕೆಯೊಳಗೇ ಕಡಿದಿದೆ. ಎಲ್ಲ ಹೊಸದು ಹಾಕಿದರೂ ಆಗಾಗ ಜರ್ಕ್ ಬರುವ ಗಾಡಿಗಳಲ್ಲಿ ಈ ಬೆರಳುದ್ದದ ವೈರ್ ಎಷ್ಟೋ ಸಲ ಸಿಕ್ಕಿಬೀಳುತ್ತದೆ. ಸಾವಿರ ಕಿಲೋಮೀಟರ್ ಒಳಗೆ ಗ್ಯಾಪ್ ಮತ್ತೊಮ್ಮೆ ನೋಡಿ, ದಿಮ್ಮಿ ಹೊಂದಿಕೊಳ್ಳುವಾಗ ಸ್ವಲ್ಪ ಸವೆದಿರುತ್ತದೆ.

ಪಾಯಿಂಟ್‌ಗೆ ದುಡ್ಡು ಹಾಕುವ ಮುನ್ನ ರೋಟರ್ ಕೂರುವ ಶಾಫ್ಟ್ ಹಿಡಿದು ಪಕ್ಕಕ್ಕೆ ತಳ್ಳಿ ನೋಡಿ. ತಳ್ಳಿದಾಗ ಪಾಯಿಂಟ್ ಗ್ಯಾಪ್ ಕಣ್ಣಿಗೆ ಕಾಣುವಷ್ಟು ಬದಲಾದರೆ ಶಾಫ್ಟನ್ನು ಹಿಡಿದಿರುವ ಬುಷ್ ಸವೆದಿದೆ. ಆಗ ಯಾವ ಮೇಕ್ ಹಾಕಿದರೂ ಒಂದು ಸಿಲಿಂಡರ್‌ಗೆ ಒಂದು ಟೈಮಿಂಗ್, ಇನ್ನೊಂದಕ್ಕೆ ಇನ್ನೊಂದು. ಇದಕ್ಕಾಗಿ ಹೊಸ ಡಿಸ್ಟ್ರಿಬ್ಯೂಟರ್ ಬೇಕಿಲ್ಲ. ಪಕ್ಕದ ಹರಿಹರ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನು ಮಾಡುತ್ತಿದ್ದ ಊರು. ಲೇತ್ ಕೆಲಸ ಬಲ್ಲವರಿಂದ ಕಂಚಿನ ಬುಷ್ ಮಾಡಿಸಿ ಹಾಕಿಸಿಕೊಳ್ಳಬಹುದು. ಎಣ್ಣೆ ಹೀರುವ ಸಿಂಟರ್ಡ್ ಬುಷ್ ಆದರೆ ಹಾಕುವ ಮುನ್ನ ಒಂದು ದಿನ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಬೇಕು. ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಹೀರಿದರೆ ಪಾಯಿಂಟ್ ಪ್ಲೇಟ್ ಸರಿದು ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಮ್ ಹರಿದಿದೆ.

ಈಗ ಹೈಟೆನ್ಷನ್ ಕಡೆ ಬರೋಣ. ಗ್ಯಾಸ್ ಮತ್ತು ಗಾಳಿಯ ಮಿಶ್ರಣದಲ್ಲಿ ಕಿಡಿ ಹಾರಿಸಲು ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು. ಲೋಡ್ ಇದ್ದಾಗ ಸಿಲಿಂಡರ್ ಒಳಗಿನ ಒತ್ತಡ ಏರಿ ಅದು ಇನ್ನೂ ಏರುತ್ತದೆ. ಆ ವೋಲ್ಟೇಜ್ ಪ್ಲಗ್‌ವರೆಗೆ ಹೋಗುವ ಬದಲು ಸುಲಭದ ದಾರಿ ಹುಡುಕುತ್ತದೆ. ಕ್ಯಾಪಿನ ಬಿರುಕು, ವೈರ್‌ನ ಸೀಳು, ರೋಟರ್‌ನ ತೂತು. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಕಾವೂ ಧೂಳೂ ಅಲ್ಲೇ ಸೇರಿಕೊಳ್ಳುತ್ತವೆ. ಹಗಲೆಲ್ಲ ಒಣಗಿದ್ದ ಧೂಳು ಭದ್ರಾ ನಾಲೆಯ ಗದ್ದೆಗಳ ಇಬ್ಬನಿ ಕುಡಿದ ಬೆಳಗ್ಗೆ ಕರೆಂಟಿನ ದಾರಿಯಾಗುತ್ತದೆ. ನಿಮ್ಮ ಬೆಳಗಿನ ಹಠಕ್ಕೆ ಬಹುಪಾಲು ಇದೇ ಕಾರಣ.

ಸೋರಿಕೆ ಹುಡುಕಲು ರಾತ್ರಿ ಕತ್ತಲಲ್ಲಿ, ಗಾಡಿ ಪೆಟ್ರೋಲ್‌ನಲ್ಲಿ ಓಡುತ್ತಿರುವಾಗ, ಸೀಟು ಎತ್ತಿ ವೈರ್ ಮತ್ತು ಕ್ಯಾಪ್ ಮೇಲೆ ಸ್ಪ್ರೇ ಬಾಟಲಿಯಿಂದ ಮಂಜಿನಷ್ಟು ನೀರು ಚಿಮುಕಿಸಿ. ನೀಲಿ ಗೆರೆ ಎಲ್ಲಿ ಮಿಂಚುತ್ತದೋ ಆ ಭಾಗ ಬದಲಿಸಬೇಕು. ಇದಕ್ಕೂ ಮೊದಲು ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿ, ಬಾಗಿಲುಗಳನ್ನು ತೆರೆದಿಟ್ಟು ಸ್ವಲ್ಪ ಹೊತ್ತು ಬಿಡಿ. ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂತಿರುತ್ತದೆ. ವಾಸನೆ ಸ್ವಲ್ಪ ಬಂದರೂ ಕಿಡಿಯ ಪರೀಕ್ಷೆ ಬೇಡವೇ ಬೇಡ. ಓಡುವ ಎಂಜಿನ್‌ನಲ್ಲಿ ವೈರ್ ಕೈಯಲ್ಲಿ ಹಿಡಿಯಬೇಡಿ, ಅದರಲ್ಲಿ 20,000 ವೋಲ್ಟ್ ಇರಬಹುದು.

ಕ್ಯಾಪಿನಲ್ಲಿ ಒಳಗಿನ ಕಂಬಗಳು ಹಿತ್ತಾಳೆಯವೋ ಅಲ್ಯುಮಿನಿಯಂ ಅವೋ ನೋಡಿ. ಅಲ್ಯುಮಿನಿಯಂ ಬೇಗ ಬಿಳಿಪುಡಿ ಹಿಡಿಯುತ್ತದೆ, ದರದ ವ್ಯತ್ಯಾಸ ಇಲ್ಲೇ ಇರುತ್ತದೆ. ಹಿತ್ತಾಳೆಗೆ ಹೆಚ್ಚು ಕೊಡುವುದು ದಂಡವಲ್ಲ. ನಡುವಿನ ಕಾರ್ಬನ್ ಕಡ್ಡಿ ಬೆರಳಲ್ಲಿ ಒತ್ತಿದರೆ ಒಳಹೋಗಿ ತಾನೇ ಹೊರಬರಬೇಕು.

ರೋಟರ್ ಚಿಕ್ಕದು, ಆದರೆ ಮೋಸ ದೊಡ್ಡದು. ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಅಗ್ಗದ ರೋಟರ್‌ಗಳಲ್ಲಿ ರಿವೆಟ್‌ನ ಬುಡಕ್ಕೂ ಶಾಫ್ಟ್‌ಗೂ ನಡುವೆ ಉಳಿಯುವ ಪ್ಲಾಸ್ಟಿಕ್ ತೆಳ್ಳಗಿರುತ್ತದೆ. ಬಿಸಿಯಾದಾಗ ಕಿಡಿ ಅಲ್ಲೇ ಕೊರೆದು ಶಾಫ್ಟ್‌ಗೆ ಇಳಿಯುತ್ತದೆ. ಕ್ಯಾಪ್ ತೆಗೆದು, ಕಾಯಿಲ್‌ನಿಂದ ಬರುವ ವೈರ್‌ನ ತುದಿಯನ್ನು ಒಣ ಮರದ ಚಿಮುಟದಲ್ಲಿ ಹಿಡಿದು ರೋಟರ್ ನಡುವಿನಿಂದ 5 ಮಿ.ಮೀ. ಮೇಲೆ ಇಟ್ಟು ಸ್ಟಾರ್ಟರ್ ಎರಡು ಸುತ್ತು ಹೊಡೆಸಿ. ಕಿಡಿ ಹಾರಿದರೆ ರೋಟರ್ ಸತ್ತಿದೆ. ಒಳ್ಳೆಯ ರೋಟರ್‌ಗೆ ಕಿಡಿ ಹಾರಲು ಹೋಗುವ ಜಾಗವೇ ಇರುವುದಿಲ್ಲ. ಇದನ್ನು ಹೊಸ ರೋಟರ್‌ಗೂ ಮಾಡಿ.

ಪ್ಲಗ್ ವೈರ್‌ನಲ್ಲಿ ಎರಡು ಬಗೆ. ತಾಮ್ರದ ಎಳೆಯದಕ್ಕೆ ರೆಸಿಸ್ಟೆನ್ಸ್ ಇಲ್ಲವೆಂದೇ ಹೇಳಬಹುದು. ಕಾರ್ಬನ್ ಎಳೆಯದಕ್ಕೆ ಮೀಟರ್ ಉದ್ದಕ್ಕೆ ಹತ್ತಿಪ್ಪತ್ತು ಕಿಲೋ ಓಂ ಇರುತ್ತದೆ. ಸ್ಕ್ರೂ ಮೊನೆ ಇರುವ ಪ್ಲಗ್ ಕ್ಯಾಪ್ ತಾಮ್ರದ ಎಳೆಗೆ ಮಾತ್ರ ಹಿಡಿಯುತ್ತದೆ. ಕಾರ್ಬನ್ ಎಳೆಗೆ ತಿರುಗಿಸಿದರೆ ಎಳೆ ಮುರಿದು ಒಳಗೇ ಕಿಡಿ ಹಾರುತ್ತಿರುತ್ತದೆ. ಹೊದಿಕೆ ಸಿಲಿಕೋನ್‌ನದೇ ಇರಲಿ, ಸೀಟಿನ ಕೆಳಗಿನ ಕಾವಿಗೆ ಪಿವಿಸಿ ಗಟ್ಟಿಯಾಗಿ ಸೀಳುತ್ತದೆ. ಕಾರ್ಬನ್ ವೈರ್, ರೆಸಿಸ್ಟರ್ ಪ್ಲಗ್, ರೆಸಿಸ್ಟರ್ ರೋಟರ್ ಮೂರನ್ನೂ ಮೂರು ಅಂಗಡಿಯಿಂದ ತಂದು ಸೇರಿಸಬೇಡಿ. ಮೂರು ಸಿಲಿಂಡರ್‌ನ ಈ ಎಂಜಿನ್ನಿನ ಫೈರಿಂಗ್ ಆರ್ಡರ್ 1-3-2. ಒಂದೊಂದೇ ವೈರ್ ಬಿಚ್ಚಿ ಒಂದೊಂದೇ ಹಾಕಿದರೆ ತಪ್ಪಿಗೆ ಜಾಗವಿಲ್ಲ.

ಪ್ಲಗ್ ವಿಷಯದಲ್ಲಿ ಅಂಗಡಿಯವರೂ ಎಡವುವ ಒಂದು ಜಾಗವಿದೆ. ಎನ್‌ಜಿಕೆ ಮೇಕ್‌ನಲ್ಲಿ ಅಂಕಿ ದೊಡ್ಡದಾದಂತೆ ಪ್ಲಗ್ ತಣ್ಣಗಿನದು (ಕಾವನ್ನು ಬೇಗ ಬಿಟ್ಟುಕೊಡುವಂಥದ್ದು), ಬಾಷ್‌ನಲ್ಲಿ ಅಂಕಿ ದೊಡ್ಡದಾದಂತೆ ಬಿಸಿಯದು. ಎನ್‌ಜಿಕೆ ಬಿಪಿ6ಇಎಸ್‌ಗೆ ಸಮ ಬಾಷ್ ಡಬ್ಲ್ಯು7ಡಿಸಿ, ಬಿಪಿ5ಇಎಸ್‌ಗೆ ಸಮ ಡಬ್ಲ್ಯು8ಡಿಸಿ. ‘6 ಇಲ್ಲ, ಬಾಷ್‌ನಲ್ಲಿ 6 ಇದೆ’ ಎಂದರೆ ಬೇರೆಯದೇ ಪ್ಲಗ್ ಕೈಗೆ ಬರುತ್ತದೆ. ಎನ್‌ಜಿಕೆ ಕೋಡ್‌ನಲ್ಲಿ ಇ ಎಂದರೆ ಚೂಡಿಯ ಉದ್ದ 19 ಮಿ.ಮೀ., ಎಚ್ ಎಂದರೆ 12.7 ಮಿ.ಮೀ. ಹಳೆಯ ಪ್ಲಗ್ ಪಕ್ಕ ಸ್ಕೇಲ್ ಇಟ್ಟು ನೋಡಿ. ಉದ್ದ ಹೆಚ್ಚಾದರೆ ಪಿಸ್ಟನ್‌ಗೆ ತಗಲಬಹುದು, ಕಡಿಮೆಯಾದರೆ ಹೆಡ್‌ನ ಚೂಡಿಯಲ್ಲಿ ಕಾರ್ಬನ್ ಕಟ್ಟಿ ಮುಂದೆ ಸರಿಯಾದ ಪ್ಲಗ್ಗೂ ಹತ್ತುವುದಿಲ್ಲ. ಗಾಡಿಯ ಕೈಪಿಡಿ ಹೇಳುವ ಹೀಟ್ ರೇಂಜ್ ಬಿಡಬೇಡಿ. ಗ್ಯಾಸ್‌ಗೆ ಇನ್ನೂ ಬಿಸಿ ಪ್ಲಗ್ ಬೇಕೆಂಬುದು ತಪ್ಪು ತಿಳಿವಳಿಕೆ. ಇರಿಡಿಯಂ ಪ್ಲಗ್‌ಗೆ ದುಡ್ಡು ಸುರಿಯುವ ಅಗತ್ಯ ನಿಮ್ಮ ಗಾಡಿಗಿಲ್ಲ. ಗ್ಯಾಪ್ 0.7 ಮಿ.ಮೀ.ಗೆ ತನ್ನಿ, 10,000 ಕಿಲೋಮೀಟರ್‌ಗೆ ಬದಲಿಸಿ, ಅಷ್ಟೇ.

ನಕಲಿ ಪ್ಲಗ್‌ನ ವಾಷರ್ ಕೈಯಲ್ಲೇ ಕಳಚಿ ಬರುತ್ತದೆ, ಅಸಲಿಯದು ತಿರುಗಿದರೂ ಕಳಚುವುದಿಲ್ಲ. ನಡುಕಡ್ಡಿ ಪಿಂಗಾಣಿಯ ಮಧ್ಯಕ್ಕಿರಬೇಕು, ಮುದ್ರಣ ಉಗುರಿಗೆ ಅಳಿಸಬಾರದು, ಕೋಡ್‌ನಲ್ಲಿ ಆರ್ (ರೆಸಿಸ್ಟರ್) ಇರುವ ಪ್ಲಗ್ ಮೀಟರಿನಲ್ಲಿ ಸುಮಾರು 5 ಕಿಲೋ ಓಂ ತೋರಿಸಬೇಕು. ಹೆಡ್ ಅಲ್ಯುಮಿನಿಯಂ, ಎಂಜಿನ್ ತಣ್ಣಗಿದ್ದಾಗ ಮಾತ್ರ ಕೆಲಸ ಮಾಡಿ. ಕೈಯಲ್ಲೇ ಕೊನೆವರೆಗೆ ತಿರುಗಿಸಿ, ಆಮೇಲೆ ಹೊಸ ವಾಷರ್ ಆದರೆ ಅರ್ಧದಿಂದ ಮೂರನೇ ಎರಡು ಸುತ್ತು, ಹಳೆಯ ಪ್ಲಗ್ ಆದರೆ ಹನ್ನೆರಡನೇ ಒಂದು ಸುತ್ತು ಸಾಕು.

ಕೊಳ್ಳುವ ಕ್ರಮ ಹೀಗಿರಲಿ. ಮೊದಲು ಕಾಯಿಲ್ ಅಳೆದು ಹೊಂದುವುದನ್ನು ಹಾಕಿ, ಜೊತೆಗೆ ಪಾಯಿಂಟ್ ಮತ್ತು ಕಂಡೆನ್ಸರ್. ಒಂದು ವಾರ ಓಡಿಸಿ. ಆಮೇಲೆ ಪ್ಲಗ್ ಮತ್ತು ವೈರ್. ಕ್ಯಾಪ್, ರೋಟರ್ ಪರೀಕ್ಷೆಯಲ್ಲಿ ಸೋತರೆ ಮಾತ್ರ. ಇಷ್ಟಾದ ಮೇಲೂ ಗ್ಯಾಸ್‌ನಲ್ಲಿ ಮಾತ್ರ ಮಿಸ್ ಇದ್ದರೆ ಕಿಡಿಯನ್ನು ಬಿಟ್ಟು ವೇಪರೈಸರ್ (ದ್ರವ ಗ್ಯಾಸನ್ನು ಆವಿ ಮಾಡುವ ಭಾಗ) ಕಡೆ ನೋಡಬೇಕು. ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಎಮಿಷನ್ ಟೆಸ್ಟ್ ಚೀಟಿಯೂ ಒಂದು ಸಾಕ್ಷಿ. ಉರಿಯದ ಪೆಟ್ರೋಲ್ ಹೈಡ್ರೋಕಾರ್ಬನ್ ಆಗಿ ಹೊರಬರುತ್ತದೆ. ಭಾರತ್ ಸ್ಟೇಜ್‌ಗೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಅದರ ಮಿತಿ 1500 ಪಿಪಿಎಂ, ಕಾರ್ಬನ್ ಮಾನಾಕ್ಸೈಡ್‌ಗೆ ಶೇ. 3. ರಿಪೇರಿಗೆ ಮುಂಚಿನ ಚೀಟಿಯನ್ನೂ ಆಮೇಲಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಎಲೆಕ್ಟ್ರಾನಿಕ್ ಕಿಟ್ ಕೆಟ್ಟದ್ದಲ್ಲ. ಪಾಯಿಂಟ್ ಸವೆತದ ತಲೆಬಿಸಿ ತಪ್ಪುತ್ತದೆ. ಆದರೆ ಅದು ಸವೆದ ಬುಷ್ ರಿಪೇರಿ ಮಾಡುವುದಿಲ್ಲ, ಸೀಳಿದ ವೈರ್ ಮುಚ್ಚುವುದಿಲ್ಲ. ಅದಕ್ಕೂ ತನ್ನದೇ ಓಂ ಲೆಕ್ಕವಿದೆ, ತಪ್ಪು ಕಾಯಿಲ್ ಸಿಕ್ಕರೆ ಪಾಯಿಂಟ್ ಬದಲು ಕಿಟ್‌ನ ಮಾಡ್ಯೂಲೇ ಸುಡುತ್ತದೆ. ರೆಸಿಸ್ಟೆನ್ಸ್ ಇಲ್ಲದ ತಾಮ್ರದ ವೈರ್‌ನ ಗದ್ದಲಕ್ಕೆ ಕೆಲವು ಕಿಟ್‌ಗಳು ತಪ್ಪು ಸಮಯಕ್ಕೆ ಕಿಡಿ ಕೊಡುತ್ತವೆ. ಮೇಲಿನದನ್ನೆಲ್ಲ ಸರಿಪಡಿಸಿದ ಮೇಲೆ ಬೇಕೆನಿಸಿದರೆ ಹಾಕಿಸಿ. ಹಾಕಿಸಿದರೂ ಗ್ಯಾಪ್ ಕೂರಿಸಿ ಪ್ಲೇಟ್ ಸಮೇತ ಇಟ್ಟ ಹಳೆಯ ಪಾಯಿಂಟ್, ಅಳೆದು ನೋಡಿದ ಕಂಡೆನ್ಸರ್, ಒಂದು ಸ್ಕ್ರೂಡ್ರೈವರ್ ಡ್ಯಾಶ್‌ಬೋರ್ಡ್ ಡ್ರಾಯರಿನಲ್ಲಿರಲಿ. ಮಾಡ್ಯೂಲ್ ಸತ್ತರೆ ರಸ್ತೆಬದಿಯಲ್ಲಿ ರಿಪೇರಿಯಿಲ್ಲ, ಪಾಯಿಂಟ್ ಪ್ಲೇಟ್ ವಾಪಸ್ ಕೂರಿಸಿದರೆ ಮನೆಯವರೆಗೆ ಬರಬಹುದು.